ಕಂಪುಳ್ಳ ಕೆಂಪು

ಗುಲಾಬಿಯನ್ನು ಕೈಗಿತ್ತರೆ ಯಾರೇ ಆಗಲಿ ಮೊದಲು ಮೂಗಿನ ಬಳಿಗೇ ಒಯ್ಯುವರು. ಇಂದಿನ ಅಂಗಡಿಯ ಹೂವಿನ ಮುಂದೆ ಆ ಉಚ್ಛ್ವಾಸ ಬಹುಮಟ್ಟಿಗೆ ವ್ಯರ್ಥ. ದೂರದ ಪ್ರಯಾಣವನ್ನು ತಾಳಿ, ಹೂದಾನಿಯಲ್ಲಿ ದಿನಗಟ್ಟಲೆ ನಿಲ್ಲಲೆಂದೇ ಆರಿಸಿ ಬೆಳೆಸಿದ ತಳಿಯದು, ಕಂಪನ್ನು ಕೇಳಿದವರಿಲ್ಲ.

ಫ್ರಾನ್ಸಿನ ಅಲೆನ್ ಮೆಯಾಂ 1963ರಲ್ಲಿ ತಮ್ಮ ಅಜ್ಜನ ಹೆಸರಿಟ್ಟು ಹೊರತಂದ ‘ಪಾಪಾ ಮೆಯಾಂ’ ಹಾಗಲ್ಲ. ಮೊಗ್ಗು ಕಪ್ಪೇ ಎನ್ನಿಸುವಷ್ಟು ಗಾಢ. ಅರಳಿದರೆ ಮಖಮಲ್ಲಿನ ಕೆಂಪು, ಅದಕ್ಕೆ ತಕ್ಕ ಪರಿಮಳ. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ಅದೇ ಮನೆತನದ, ಕಂಪಿಲ್ಲದ ‘ರೂಜ್ ಮೆಯಾಂ’ನೊಡನೆ ಹೋಲಿಸಿ, ಪರಿಮಳದ ಒಂದು ಭಾಗಕ್ಕೆ ಕಾರಣವಾದ ವಂಶವಾಹಿಯನ್ನು ಕಂಡುಹಿಡಿದರು. ಒಂದರಲ್ಲಿ ಅದು ಎಚ್ಚತ್ತಿತ್ತು, ಇನ್ನೊಂದರಲ್ಲಿ ಮಲಗಿತ್ತು!

ಈ ಗಿಡವನ್ನು ಸಾಕುವುದು ಮಾತ್ರ ಮುದ್ದಿನ ಮಗುವನ್ನು ಸಾಕಿದಂತೆಯೇ. ಕಪ್ಪುಚುಕ್ಕೆ, ಬೂದಿರೋಗಗಳು ಬೇಗ ತಗಲುತ್ತವೆ. ಎಲೆ ನೆನೆಯದಂತೆ ಬೆಳಗ್ಗೆ ಬುಡಕ್ಕೆ ನೀರುಣಿಸಬೇಕು; ಗಿಡಗಳ ನಡುವೆ ಗಾಳಿಯಾಡಬೇಕು; ಉದುರಿದ ರೋಗದ ಎಲೆಗಳನ್ನು ಆಯ್ದು ತೆಗೆಯಬೇಕು. ಇಷ್ಟಾದರೂ ಹೂಗಳು ಬೆರಳೆಣಿಕೆಯಷ್ಟು. ನೆರೆಮನೆಯಲ್ಲಿ ವಾಸನೆಯಿಲ್ಲದವು ಹತ್ತಾರು ನಗುತ್ತಿರುವಾಗ, ಇದನ್ನು ಕಿತ್ತೆಸೆಯೋಣವೆಂದು ಯಾರಿಗೆ ಅನ್ನಿಸದು? ಹಾಗೆಂದು ಗುದ್ದಲಿ ಹಿಡಿದು ಹೋದ ಗೃಹಸ್ಥರು, ಆ ಮುಂಜಾನೆ ಬಿರಿದಿದ್ದ ಒಂದೇ ಹೂವಿನತ್ತ ಬಗ್ಗಿ, ಗುದ್ದಲಿಯನ್ನು ಅಲ್ಲಿಯೇ ಮರೆತು ಬಂದದ್ದುಂಟು.