ಥ್ಯಾಕರೆ ಸಾಹೇಬನ ಕನ್ನಡ

ಮಕ್ಕಳಿಗೆ ಚರಿತ್ರೆಯನ್ನು ಕಥೆಯ ಮೂಲಕ ಹೇಳಬೇಕೆ, ಇಸವಿಗಳ ಮೂಲಕ ಹೇಳಬೇಕೆ ಎಂಬ ಚರ್ಚೆ ಪಟ್ಟಣದ ಶಿಕ್ಷಣತಜ್ಞರಿಗೆ ಒಪ್ಪುವಂಥದು. ನಮ್ಮ ಸೀಮೆಯಲ್ಲಿ ಆ ಆಯ್ಕೆಯೇ ಇಲ್ಲ. ಬೆಳಗಾವಿಯಿಂದ ಯರಗಟ್ಟಿಯ ಕಡೆಗೆ ಹೋಗುವ ದಾರಿಯ ಮೇಲಿರುವ ನಮ್ಮ ನೇಸರಗಿಯಲ್ಲಿ ಹುಟ್ಟಿದ ಕೂಸು ಅಕ್ಷರ ತಿದ್ದುವ ಮೊದಲೇ ಕಿತ್ತೂರ ಚೆನ್ನಮ್ಮನನ್ನು ಬಲ್ಲದು. ಅಂಗಡಿಯ ಹಲಗೆಯ ಮೇಲೆ, ಗೋಡೆಯ ಕ್ಯಾಲೆಂಡರಿನ ಮೇಲೆ, ಊರೂರಿನ ವರ್ತುಳದ ನಡುವೆ ಆಕೆ ಕುದುರೆಯನ್ನೇರಿ ಕತ್ತಿ ಹಿಡಿದು ನಿಂತೇ ಇದ್ದಾಳೆ. ರಾಯಣ್ಣನಂತೂ ಮನೆಯ ಹಿರಿಯ ಮಗನಿದ್ದಂತೆ. ಇಸವಿಗಳು ಬರುವುದು ಆಮೇಲೆ, ಶಾಲೆಗೆ ಹೋದ ಮೇಲೆ, ಪರೀಕ್ಷೆಯ ಭಯದ ಸಂಗಡ.

ಅಕ್ಟೋಬರ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಚೆನ್ನಮ್ಮನ ವೇಷಕ್ಕೆ ಪೈಪೋಟಿ. ತಾಯಿಯ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ರಟ್ಟಿನ ಕತ್ತಿಗೆ ಬೆಳ್ಳಿಯ ಬಣ್ಣದ ಕಾಗದ ಸುತ್ತಿ, ಕಪ್ಪ ಕೇಳಲು ಬಂದ ಥ್ಯಾಕರೆಯನ್ನು ಹುಡುಗಿಯರು ಝಾಡಿಸುವ ಆ ಮಾತುಗಳನ್ನು ಇಡೀ ಕರ್ನಾಟಕವೇ ಬಲ್ಲದು. ಕಳೆದ ಸಲ ಹೀಗೆ ವೇಷ ಹಾಕಿ ಬಹುಮಾನ ಪಡೆದು ಬಂದ ನಮ್ಮ ಓಣಿಯ ಹುಡುಗಿಯೊಬ್ಬಳು, ಸೀರೆ ಬಿಚ್ಚುವ ಮೊದಲೇ ನಮ್ಮ ಕಟ್ಟೆಗೆ ಬಂದು ಕೇಳಿದಳು: “ಸರ, ಥ್ಯಾಕರೇಗ ಕನ್ನಡ ಬರತಿತ್ತೇನ್ರಿ?”

ಇಪ್ಪತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ್ದೇನೆ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಪದವಿ ತರಗತಿಯವರು ಕೇಳಿದ್ದು ಕಡಿಮೆ. ಆ ಮಾತುಗಳು ನಾಟಕದವರವು. ಅವುಗಳನ್ನು ಮನೆಮನೆಗೆ ಮುಟ್ಟಿಸಿದ್ದು ಬಿ. ಆರ್. ಪಂತುಲು ಅವರ 1961ರ ಚಲನಚಿತ್ರ, ಬಿ. ಸರೋಜಾದೇವಿಯವರ ಕಂಠ. ಸಂಗತಿಯ ಕಥೆಯೇ ಬೇರೆ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿಯುವ ಹೊತ್ತಿಗೆ ಕಿತ್ತೂರು ಇಂಗ್ಲಿಷರ ಪಕ್ಷದಲ್ಲಿತ್ತು. ಅವರಿಗೆ ಕಾಣಿಕೆ ಸಲ್ಲಿಸುವ ಸಂಸ್ಥಾನವಾಗಿಯೇ ಉಳಿದಿತ್ತು. ಜಗಳ ಹತ್ತಿದ್ದು ದತ್ತಕದಿಂದ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಮಾಸ್ತಮರಡಿಯ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡನೆಂದು ಅರಮನೆ ಹೇಳಿತು. ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆ ಅದನ್ನು ನಂಬಲಿಲ್ಲ. ಭಂಡಾರಕ್ಕೆ ಮುದ್ರೆ ಒತ್ತಿಸಿದ. ಮುಂದಿನದು ಎಲ್ಲರಿಗೂ ಗೊತ್ತು: ಅಕ್ಟೋಬರ 23ರಂದು ಕೋಟೆಯ ಬಾಗಿಲು ತೆರೆಯಿತು, ಒಳಗಿನ ಮಂದಿ ನುಗ್ಗಿತು, ಥ್ಯಾಕರೆ ಬಿದ್ದ. ಡಾಲ್‌ಹೌಸಿ ದತ್ತಕಗಳನ್ನು ತಳ್ಳಿಹಾಕಿ ಸಂಸ್ಥಾನಗಳನ್ನು ನುಂಗಿದ್ದನ್ನು ಪಠ್ಯಪುಸ್ತಕ ಪುಟಗಟ್ಟಲೆ ಹೇಳುತ್ತದೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಆ ಅಸ್ತ್ರ ನಮ್ಮ ಕಿತ್ತೂರಿನ ಮೇಲೆ ಬಿದ್ದಿತ್ತು.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. “ಹಂಗಾರ ನಾ ಅಂದದ್ದ ಸುಳ್ಳೇನ್ರಿ?” ಎಂದಳು, ಬಹುಮಾನದ ಸ್ಟೀಲಿನ ತಾಟನ್ನು ಎದೆಗವಚಿಕೊಂಡು. ಸುಳ್ಳಲ್ಲ, ನಾಟಕ ಎಂದೆ. ನಾಟಕ ಇರದಿದ್ದರೆ ನೀನು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲವಲ್ಲ ತಂಗಿ!

ನನ್ನ ಮಟ್ಟಿಗೆ ಐತಿಹಾಸಿಕ ಕಥೆಯ ಬೆಲೆ ಇರುವುದು ಇಲ್ಲಿ. ಅದು ಚರಿತ್ರೆಯನ್ನು ಕಲಿಸುತ್ತದೆ ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. ಚರಿತ್ರೆಯ ಹಸಿವನ್ನು ಹುಟ್ಟಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. “ಖರೇನ?” ಎಂದು ಮಗು ಕೇಳುವಂತೆ ಮಾಡಿದ ಪುಸ್ತಕ ಗೆದ್ದಿತು. ಕೇಳಬೇಕಾದದ್ದೇ ಇಲ್ಲ ಎನ್ನುವಂತೆ ಮಾಡಿದ್ದು, ಎಷ್ಟೇ ಚೆಂದದ್ದಿರಲಿ, ಉತ್ಸವಮೂರ್ತಿ.

ನಾವು ಚಿಕ್ಕವರಾಗಿದ್ದಾಗ ಇಂಥ ಹಸಿವಿಗೆ ಸಿಕ್ಕ ಬುತ್ತಿ ‘ಭಾರತ ಭಾರತಿ’ಯ ಪುಟ್ಟ ಪುಸ್ತಕಗಳು. ಬೆಂಗಳೂರಿನ ರಾಷ್ಟ್ರೋತ್ಥಾನ ಸಾಹಿತ್ಯದವರು 1970ರ ದಶಕದಲ್ಲಿ ಆರಂಭಿಸಿದ ಮಾಲೆ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಸ್ತಕಗಳು. ಅಂಗಿಯ ಕಿಸೆಯಲ್ಲಿ ಹಿಡಿಸುವಷ್ಟು ಸಣ್ಣವು. ಶಾಲೆಯ ಕಪಾಟಿನಿಂದ ಒಂದೊಂದೇ ಒಯ್ದು, ಎತ್ತು ಮೇಯಿಸುತ್ತ ಓದಿ ಮುಗಿಸಿ, ಮರುದಿನ ಇನ್ನೊಂದಕ್ಕೆ ಕೈಯೊಡ್ಡುತ್ತಿದ್ದೆವು. ಅವು ಜೀವನಚರಿತ್ರೆಗಳು, ಕಾದಂಬರಿಯಲ್ಲ. ನಮಗೆ ಆ ಭೇದ ಯಾರಿಗೆ ಬೇಕಿತ್ತು?

ಅದಕ್ಕೂ ಹಿಂದಿನ ತಲೆಮಾರಿಗೆ ಗಳಗನಾಥರಿದ್ದರು. ಶಾಲಾ ಮಾಸ್ತರಿಕೆಯಿಂದ ಬಂದ ಮನುಷ್ಯ. ಮರಾಠಿಯ ಹರಿ ನಾರಾಯಣ ಆಪಟೆಯವರಿಂದ ಎಷ್ಟೋ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರದ ಹುಟ್ಟನ್ನು ಹೇಳಿದರು, ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿ ಶಾಲೆಗಳ ನೆರಳಿನಲ್ಲಿ ಬೆಳೆದ ನಮ್ಮ ಅಜ್ಜಂದಿರಿಗೆ ಕನ್ನಡಕ್ಕೂ ಒಂದು ಗತಕಾಲವಿದೆ ಎಂದು ಗೊತ್ತಾದದ್ದು ಶಾಸನಗಳಿಂದಲ್ಲ, ಈ ಕಾದಂಬರಿಗಳಿಂದ. ಅವು ಮಕ್ಕಳಿಗೆಂದು ಬರೆದವಲ್ಲ. ಆದರೆ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ಮಕ್ಕಳೂ ಕೇಳುತ್ತಿದ್ದರು.

ಇಂಗ್ಲಿಷಿನಲ್ಲಿ ಮಕ್ಕಳಿಗೆಂದೇ ಈ ಕೆಲಸ ಮಾಡಿದವರಲ್ಲಿ ಸರ್ ವಾಲ್ಟರ್ ಸ್ಕಾಟ್ ಹಿರಿಯ. ಆರು ವರ್ಷದ ಮೊಮ್ಮಗನಿಗಾಗಿ ಸ್ಕಾಟ್ಲೆಂಡಿನ ಚರಿತ್ರೆಯನ್ನು ‘ಅಜ್ಜನ ಕಥೆಗಳು’ ಎಂದು ಆತ ಬರೆದು ಪ್ರಕಟಿಸಲು ತೊಡಗಿದ್ದು 1827-28ರ ಸುಮಾರಿಗೆ. ಇಸವಿಯನ್ನು ನೋಡಿದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿ ಅಜ್ಜ ಮೊಮ್ಮಗನಿಗೆ ಸೋತ ನಾಡಿನ ಕಥೆ ಹೇಳುತ್ತಿದ್ದ. ಅದೇ ವೇಳೆಗೆ ಇಲ್ಲಿ, ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ಬೈಲಹೊಂಗಲದ ಕೋಟೆಯಲ್ಲಿ, ಚೆನ್ನಮ್ಮ ಸೆರೆಯಲ್ಲಿದ್ದಳು. 1829ರಲ್ಲಿ ಅಲ್ಲಿಯೇ ತೀರಿಕೊಂಡಳು.

ಒಳ್ಳೆಯ ಕಥೆ ಮಾಡಬಲ್ಲ, ಪಾಠ ಮಾಡಲಾರದ ಕೆಲಸವೊಂದಿದೆ. ‘ರಾಯಣ್ಣನು ಸಂಗೊಳ್ಳಿಯ ಶೇತಸನದಿಯಾಗಿದ್ದನು’ ಎಂದು ಪಾಠದಲ್ಲಿದೆ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಶೇತಸನದಿ ಎಂದರೆ ಏನೆಂದು ಕೇಳಿದರೆ ಒಂದು ನದಿ ಎಂದು ಉತ್ತರ ಬಂದದ್ದುಂಟು. ಊರ ಕಾವಲು ಕಾಯಬೇಕು, ಕರೆ ಬಂದರೆ ಕತ್ತಿ ಹಿಡಿದು ಸಂಸ್ಥಾನಕ್ಕೆ ಹಾಜರಾಗಬೇಕು, ಪ್ರತಿಯಾಗಿ ಉಣ್ಣಲು ಹೊಲ — ಇದು ಶೇತಸನದಿಯ ಬದುಕು. ಕಿತ್ತೂರು ಬಿದ್ದ ಮೇಲೆ ಕರೆಯುವ ಸಂಸ್ಥಾನ ಇಲ್ಲವಾಯಿತು. ಕಂಪನಿ ಸರಕಾರ ಹೊಲದಲ್ಲಿ ಪಾಲು ಕಿತ್ತುಕೊಂಡಿತು, ಉಳಿದದ್ದರ ಮೇಲೆ ತೆರಿಗೆ ಏರಿಸಿತು. ಇದನ್ನು ಮಗುವಿಗೆ ತಿಳಿಸಲು ಒಂದು ಹಗೇವು ಸಾಕು. ಅಪ್ಪ ಹಗೇವಿನ ಬಾಯಿ ತೆಗೆಯುತ್ತಾನೆ. ಮಗ ಬಗ್ಗಿ ನೋಡುತ್ತಾನೆ. ಹೋದ ವರ್ಷ ಎದೆಮಟ್ಟ ಇದ್ದ ಜೋಳ ಈ ವರ್ಷ ಮೊಣಕಾಲಿಗೂ ಬರುವುದಿಲ್ಲ. 1830ರ ಜನವರಿಯಲ್ಲಿ ರಾಯಣ್ಣನ ಮಂದಿ ಬೀಡಿಯ ಕಚೇರಿಗೆ ಬೆಂಕಿಯಿಟ್ಟದ್ದು ಏಕೆಂದು ಆ ಮಗುವಿಗೆ ಬೇರೆ ಹೇಳಬೇಕಾಗಿಲ್ಲ. ಸುಟ್ಟದ್ದು ಬರಿಯ ಕಟ್ಟಡವಲ್ಲ; ಯಾರ ಹೊಲ ಯಾರದೆಂದು ಬರೆದ ಕಾಗದಗಳಿದ್ದ ಜಾಗ.

ದುರ್ದೈವವೆಂದರೆ ನಮ್ಮ ಮಕ್ಕಳ ಪುಸ್ತಕಗಳಿಗೆ ಹಗೇವಿಗಿಂತ ದ್ರೋಹಿಯ ಮೇಲೆ ಪ್ರೀತಿ ಹೆಚ್ಚು. ವೀರನಿದ್ದ ಮೇಲೆ ದ್ರೋಹಿ ಬೇಕು; ಅವನಿಗೊಂದು ಮೀಸೆ, ಒಂದು ಕೆಟ್ಟ ನಗೆ. ಲಾವಣಿಯಲ್ಲಿ ಇದು ಸಲ್ಲುತ್ತದೆ. ಡಪ್ಪಿನ ಪೆಟ್ಟಿಗೆ ಬೆಳ್ಳನೆಯ ಬೆಳಗಿನ ತನಕ ಕುಳಿತ ಮಂದಿಯ ಸಿಟ್ಟಿಗೆ ಒಂದು ದಾರಿ ಬೇಕು. ಫ್ಲೀಟ್ ಸಾಹೇಬ ರಾಯಣ್ಣನ ಲಾವಣಿಯನ್ನೂ ಈ ಸೀಮೆಯ ಇತರ ಲಾವಣಿಗಳನ್ನೂ ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ. ಅವು ಆ ಕಾಲದ ನೋವಿನ ಸಾಕ್ಷಿ. ಆದರೆ ಹಾಡಿದ್ದನ್ನೇ ಬಣ್ಣದ ಚಿತ್ರ ಹಾಕಿ ‘ಇತಿಹಾಸ’ ಎಂದು ಹತ್ತು ವರ್ಷದ ಹುಡುಗನ ಕೈಯಲ್ಲಿ ಇಟ್ಟಾಗ ಏನಾಗುತ್ತದೆ ಎಂಬುದನ್ನು ನಮ್ಮ ಕಟ್ಟೆಯ ಮೇಲೆಯೇ ಕಂಡೆ.

ಬೇಸಿಗೆಯ ಸೂಟಿಗೆ ಸೋದರಮಾವನ ಮನೆಗೆ ಬಂದಿದ್ದ ಹುಡುಗನೊಬ್ಬ. ಊರ ಹೆಸರನ್ನು ಬರೆಯುವುದಿಲ್ಲ; ರಾಯಣ್ಣನನ್ನು ಹಿಡಿದುಕೊಟ್ಟವರ ಊರೆಂದು ಕಥೆಗಳಲ್ಲಿ ಬರುವ ಊರುಗಳಲ್ಲಿ ಅದೂ ಒಂದು. ನಾಲ್ಕು ದಿನ ಎಲ್ಲ ನೆಟ್ಟಗಿತ್ತು. ಐದನೆಯ ದಿನ ಗೋಲಿಯಾಟದಲ್ಲಿ ಏನೋ ತಕರಾರು ಬಂದು ಒಬ್ಬ ಅಂದೇಬಿಟ್ಟ: “ನೀವು ರಾಯಣ್ಣನ್ನ ಹಿಡಕೊಟ್ಟವರು!” ಹುಡುಗ ಗೋಲಿಗಳನ್ನು ಅಲ್ಲಿಯೇ ಬಿಟ್ಟು ಹೋದ. ಎರಡು ದಿನ ಕಟ್ಟೆಯ ಕಡೆಗೆ ಸುಳಿಯಲಿಲ್ಲ. ಇನ್ನೂರು ವರ್ಷದ ಹಿಂದಿನ ಒಂದು ರಾತ್ರಿಯ ಭಾರವನ್ನು ಹತ್ತು ವರ್ಷದ ಬೆನ್ನು ಹೊರಬೇಕಾಯಿತು. ಬಯ್ದವನೂ ಕೆಟ್ಟ ಹುಡುಗನಲ್ಲ. ಪುಸ್ತಕ ಓದಿದ್ದ, ಅಷ್ಟೆ.

ಮೂರನೆಯ ದಿನ ನಾನೇ ಹೋಗಿ ಅವನನ್ನು ಕರೆತಂದೆ. ಎಲ್ಲರನ್ನೂ ಕೂಡಿಸಿ ಹೇಳಿದೆ: ಹಿಡಿದುಕೊಟ್ಟವರು ಕೆಲವು ಮಂದಿ, ಊರಲ್ಲ. ಗೌಡಕಿ, ಕುಲಕರ್ಣಿಕಿ ಎಲ್ಲವೂ ಕಂಪನಿಯ ಕೈಯಲ್ಲಿದ್ದ ಕಾಲ. ವತನ ಉಳಿಯಬೇಕಾದರೆ ಸರಕಾರದ ಮಾತು ಕೇಳಬೇಕು. ಕೇಳಿದವರಿದ್ದರು, ಕೇಳದವರಿದ್ದರು. ರಾಯಣ್ಣನ ಬೆನ್ನಿಗೆ ಹೋದ ನೂರಾರು ಮಂದಿಯೂ ಇದೇ ಸುತ್ತಿನ ಹಳ್ಳಿಗಳವರೇ. 1830ರ ಏಪ್ರಿಲಿನಲ್ಲಿ ಅವನು ಸೆರೆಯಾದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಅಲ್ಲಿ ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತು ತೊಟ್ಟಿಲು ಕಟ್ಟುವ ತಾಯಂದಿರನ್ನು ಯಾವ ಊರಿನವರೆಂದು ಯಾರೂ ಕೇಳುವುದಿಲ್ಲ.

ಹುಡುಗರು ಕೇಳಿಸಿಕೊಂಡರು. ಆದರೆ ಇದು ಬರಿಯ ಬುದ್ಧಿಮಾತಾಯಿತು. ಅವರಿಗೆ ಬೇಕಾದದ್ದು ಇನ್ನೊಂದು ಕಥೆ. ಹಾಗಾಗಿ ಎಲಿಯಟ್‌ನ ಕಥೆ ಹೇಳಿದೆ.

ವಾಲ್ಟರ್ ಎಲಿಯಟ್ ಥ್ಯಾಕರೆಯ ಕೈಕೆಳಗಿನ ಅಧಿಕಾರಿ. ಆಗ ವಯಸ್ಸು 21. ಕಾಳಗದ ದಿನ ಅವನೂ ಸ್ಟೀವನ್‌ಸನ್ ಎಂಬ ಇನ್ನೊಬ್ಬನೂ ಕಿತ್ತೂರಿನವರಿಗೆ ಸೆರೆ ಸಿಕ್ಕರು. ಡಿಸೆಂಬರ 2ರಂದು ಬಿಡುಗಡೆ. ಅಂದರೆ ನಲವತ್ತು ದಿನ ಕೋಟೆಯೊಳಗೆ. ಮೂರು ದಿನದ ಮೇಲೆ ಕೋಟೆ ಬಿತ್ತು. ಮುಂದೆ ಈ ಎಲಿಯಟ್ ಏನು ಮಾಡಿದ? ಇದೇ ನಾಡಿನ ಹಳೆಯ ಕಲ್ಲುಗಳ ಬೆನ್ನು ಹತ್ತಿದ. ಐನೂರಕ್ಕೂ ಹೆಚ್ಚು ಶಾಸನಗಳ ನಕಲು ಮಾಡಿಸಿದ. ಚಾಲುಕ್ಯರ ವಂಶಾವಳಿಯನ್ನು ಹೊರಗೆಡಹಿದವರಲ್ಲಿ ಅವನು ಮೊದಲಿಗ. ನಮ್ಮನ್ನು ಗೆದ್ದವರ ಪೈಕಿಯವನೇ, ನಮ್ಮ ಸೆರೆಯಲ್ಲಿದ್ದವನೇ, ನಮ್ಮ ಚರಿತ್ರೆಯ ಬುನಾದಿಗೆ ಕಲ್ಲು ಹೊತ್ತ. ಅವನ ದಾರಿಯಲ್ಲಿ ಬಂದ ಫ್ಲೀಟ್ ನಮ್ಮ ನೇಸರಗಿಯದೇ ಒಂದು ಕಲ್ಲನ್ನು, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವನ್ನು, ಓದಿ ಅಚ್ಚು ಹಾಕಿಸಿದ. ಹದಿಮೂರನೆಯ ಶತಮಾನದಲ್ಲೇ ನಮ್ಮೂರಿಗೆ ಹೆಸರಿತ್ತೆಂದು ಕೇಳಿ ಹುಡುಗರು ಎದೆ ಉಬ್ಬಿಸಿದರು. (ಇನ್ನೊಂದು ವಿಚಿತ್ರ: ಸತ್ತ ಥ್ಯಾಕರೆಯ ಅಣ್ಣನ ಮಗ, ಆಗ ಹದಿಮೂರು ವರ್ಷದ ಬಾಲಕ, ಮುಂದೆ ‘ಹೆನ್ರಿ ಎಸ್ಮಂಡ್’ ಎಂಬ ಐತಿಹಾಸಿಕ ಕಾದಂಬರಿ ಬರೆದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಎಂ. ಎ.ಗೆ ಇಂಗ್ಲಿಷ್ ತೆಗೆದುಕೊಂಡವರು ಅವನನ್ನು ಓದುತ್ತಾರೆ. ಕಾಕನ ಗೋರಿ ಧಾರವಾಡದಲ್ಲಿದೆ ಎಂಬುದನ್ನು ಕೇಳಿ ಬೆರಗಾಗುತ್ತಾರೆ.)

ಇಂಥದನ್ನು ಹಿಡಿದು ಮಕ್ಕಳಿಗೊಂದು ಕಾದಂಬರಿ ಕನ್ನಡದಲ್ಲಿ ಬರಬೇಕೆಂಬುದು ನನ್ನ ಬಹಳ ದಿನದ ಆಸೆ. ಇಂಗ್ಲಿಷಿನ ರೋಸ್‌ಮೆರಿ ಸಟ್‌ಕ್ಲಿಫ್ 1954ರಲ್ಲಿ ರೋಮನರ ಕಾಲದ ಬ್ರಿಟನ್ನಿನ ಬಗ್ಗೆ ಒಂದು ಕಾದಂಬರಿ ಬರೆದಳು. ಆಕೆಗೆ ಆಧಾರವಾಗಿ ಸಿಕ್ಕದ್ದು ನೆಲದಲ್ಲಿ ದೊರೆತ, ರೆಕ್ಕೆಯಿಲ್ಲದ ಒಂದು ಕಂಚಿನ ಹದ್ದು, ಮತ್ತು ಕಾಣೆಯಾದ ಒಂದು ಪಡೆಯ ಸುದ್ದಿ, ಉಳಿದದ್ದು ಕಲ್ಪನೆ. ನಮಗೆ ಕೋಟೆಯೇ ಇದೆ, ಗೋರಿಗಳಿವೆ, ಲಾವಣಿಗಳಿವೆ, ಕಾಗದಪತ್ರಗಳಿವೆ. ಬರೆಯುವವನು ಎರಡು ಮಾತು ನೆನಪಿಟ್ಟರೆ ಸಾಕು. ಕಾಗದ ಮಾತಾಡದ ಕಡೆ ಕಲ್ಪನೆ ಧಾರಾಳವಾಗಿ ಮಾತಾಡಲಿ. ಯಾರೂ ಉತ್ತರ ಕೊಡಲಾರದ ಸತ್ತವರ ಮೇಲೆ ಮಾತ್ರ ಅಪವಾದ ಹೊರಿಸದಿರಲಿ.

ಅಂದು ಎಲಿಯಟ್‌ನ ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗ, ಸೂಟಿಗೆ ಬಂದವನು, ಕೇಳಿದ: “ನಲವತ್ತ ದಿನ ಅಂವ ಏನ ಉಂಡ್ನ್ರಿ ಸರ?”

ಯಾವ ಗ್ಯಾಝೆಟಿಯರಿನಲ್ಲೂ ನಾನು ಇದನ್ನು ಓದಿಲ್ಲ. “ಏನ ಉಂಡಿರಬೇಕು, ನೀನ ಹೇಳು,” ಎಂದೆ.

“ಜ್ವಾಳದ ರೊಟ್ಟಿ. ಮತ್ತೇನ ಇರತೈತ್ರಿ? ಮೊದಲ ದಿನ ಖಾರ ಹತ್ತಿ ಅತ್ತಿರಬೇಕ.”

ಎಲ್ಲರೂ ನಕ್ಕರು. ರೊಟ್ಟಿ ಬಡಿಯಲು ಒಬ್ಬ ಆಯಿ ಬೇಕು, ಅವಳಿಗೊಂದು ಹೆಸರು ಬೇಕು ಎಂದು ಅಲ್ಲಿಯೇ ಗದ್ದಲ ಶುರುವಾಯಿತು. ಯಲ್ಲವ್ವ, ನೀಲವ್ವ, ಗಂಗವ್ವ ಎಂದು ಒಬ್ಬೊಬ್ಬರು ಒಂದೊಂದು ಹೆಸರು ತಂದರು. ಹುಡುಗ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದ: “ಹೆಸರು ಏನರ ಇಡ್ರಿ ಸರ. ಆಕಿ ನಮ್ಮೂರಾಕಿ ಅಂತ ಬರೀರಿ.”