ಉಮ್ಮನ ಪಾಸ್‌ಪೋರ್ಟು, ಮೂರು ಲಿಪಿಗಳ ಕಾಗದ

ಊರು ಬಿಟ್ಟು ಹೊಸೂರಿಗೆ ಬಂದು ನೆಲೆಸಿದ ನಮ್ಮಂಥ ಬ್ಯಾರಿ ಮನೆಗಳಲ್ಲಿ ಹಳೆಯ ಕಾಗದ ಕನ್ನಡದಲ್ಲಿರುತ್ತದೆ, ರೇಷನ್ ಕಾರ್ಡು ತಮಿಳಿನಲ್ಲಿರುತ್ತದೆ, ಬ್ಯಾಂಕಿನದು ಇಂಗ್ಲಿಷಿನಲ್ಲಿರುತ್ತದೆ. ಮನೆಯೊಳಗೆ ಆಡುವ ಬ್ಯಾರಿ ಭಾಷೆಯಲ್ಲಿ ಮಾತ್ರ ಒಂದು ಚೀಟಿಯೂ ಇಲ್ಲ. ಸಾಮಾನ್ಯ ದಿನಗಳಲ್ಲಿ ಇದೇನೂ ತೊಂದರೆ ಕೊಡುವುದಿಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಈ ಎಲ್ಲ ಕಾಗದಗಳೂ ಒಂದೇ ಹೆಸರು, ಒಂದೇ ತಾರೀಕು ಹೇಳಬೇಕು. ಆಗ ಶುರುವಾಗುತ್ತದೆ ಕಷ್ಟ.

ಉಮ್ಮನಿಗೆ ಉಮ್ರಾ ಮಾಡುವ ಆಸೆ ಹಳೆಯದು. ಉಪ್ಪ ಇದ್ದಾಗ ಅಂಗಡಿ ಸಾಲ, ತಂಗಿಯ ಮದುವೆ ಅಂತ ಮುಂದೂಡುತ್ತಾ ಬಂದರು. ಉಪ್ಪ ತೀರಿಕೊಂಡ ಮೇಲೆ ಉಮ್ಮ ಆ ಮಾತನ್ನೇ ಎತ್ತುತ್ತಿರಲಿಲ್ಲ. ಕಳೆದ ವರ್ಷ ಮಂಡಿನೋವು ಜೋರಾಗಿ ಡಾಕ್ಟರು ಆಪರೇಷನ್ ಮಾತು ತೆಗೆದಾಗ, "ಕಾಲು ನಡೆಯುವಾಗಲೇ ಹೋಗಿ ಬರ್ತೇನೆ ಮೋನೆ" ಅಂದರು. ಹಾಗಾಗಿ ನಮಗೆ ಅವಸರವಿತ್ತು. ತವಾಫ್ ಅಂದರೆ ಏಳು ಸುತ್ತು, ಸಫಾ ಮರ್ವಾ ನಡುವೆ ಮತ್ತೆ ಏಳು ನಡಿಗೆ. ವ್ಹೀಲ್‌ಚೇರಿನಲ್ಲೂ ಮಾಡಬಹುದು ಅಂದೆ. ಅವರು ಕೇಳಲಿಲ್ಲ.

ಉಮ್ಮ ಹುಟ್ಟಿದ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ಮನೆಯಲ್ಲೇ. ಶಾಲೆಗೆ ಹೋದವರಲ್ಲ. ಹತ್ತು ವರ್ಷಕ್ಕೆಲ್ಲ ತೊಡೆ ಮೇಲೆ ಬೀಡಿ ಸೂಪು ಇಟ್ಟುಕೊಂಡು ಕೂತವರು. ಹುಟ್ಟಿದ ತಾರೀಕು ಕೇಳಿದರೆ ಅಜ್ಜ ಹೇಳುತ್ತಿದ್ದ ಲೆಕ್ಕವೊಂದೇ ಆಧಾರ: "ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಹೋದ ಮೇಲಿನ ಎರಡನೇ ಮಳೆಗಾಲ." ರಾಜ್ಯಗಳ ಪುನರ್ವಿಂಗಡಣೆ ಆದದ್ದು 1956ರ ನವೆಂಬರ್ 1ಕ್ಕೆ. ಅಂದರೆ ಮೊದಲ ಮಳೆಗಾಲ 1957, ಎರಡನೆಯದು 1958. ಅಜ್ಜಿಯ ವಯಸ್ಸಿಗೆ 1923ರ ಮಾರಿಬೊಳ್ಳ ಗುರುತಾಗಿತ್ತು, ನೇತ್ರಾವತಿ ಬಂಟ್ವಾಳ ಪೇಟೆಯನ್ನೇ ಮುಳುಗಿಸಿದ ನೆರೆ. ನಮ್ಮ ಹಿರಿಯರ ಈ ಲೆಕ್ಕ ಸುಳ್ಳಲ್ಲ. ಕೌಂಟರಿನಲ್ಲಿ ಸ್ಕ್ಯಾನ್ ಮಾಡಲು ಮಾತ್ರ ಬರುವುದಿಲ್ಲ.

ಇಲ್ಲೊಂದು ತಮಾಷೆ ನೋಡಿ. ಉಮ್ಮ ಎರಡು ವರ್ಷ ಮೊದಲು ಹುಟ್ಟಿದ್ದರೆ ಅವರ ತವರೂ ಈಗಿನ ಹೊಸೂರೂ ಒಂದೇ ಮದ್ರಾಸ್ ರಾಜ್ಯದಲ್ಲಿ ಇರುತ್ತಿದ್ದವು. ದಕ್ಷಿಣ ಕನ್ನಡ ಆಚೆ ಹೋಯಿತು, ಹೊಸೂರು ಇಲ್ಲೇ ಉಳಿಯಿತು. ಇಲ್ಲಿಯೂ ಜಿಲ್ಲೆ ನಿಂತಲ್ಲಿ ನಿಲ್ಲಲಿಲ್ಲ. 1965ರ ತನಕ ಹೊಸೂರು ಸೇಲಂ ಜಿಲ್ಲೆ. ಆಮೇಲೆ ಧರ್ಮಪುರಿ. 2004ರ ಫೆಬ್ರವರಿಯಿಂದ ಕೃಷ್ಣಗಿರಿ. ನಾನು 1986ರಲ್ಲಿ ಹೊಸೂರಿನಲ್ಲಿ ಹುಟ್ಟಿದವನು, ನನ್ನ ಜನನ ಪತ್ರದಲ್ಲಿ ಧರ್ಮಪುರಿ ಜಿಲ್ಲೆ ಅಂತಿದೆ. ಅಕ್ಕನ ಮಗ ಅದೇ ಬೀದಿಯಲ್ಲಿ 2006ರಲ್ಲಿ ಹುಟ್ಟಿದ, ಅವನದು ಕೃಷ್ಣಗಿರಿ. ಊರು ಮಾತ್ರ ಒಂದಿಂಚೂ ಸರಿದಿಲ್ಲ. ನನ್ನ ಪಾಸ್‌ಪೋರ್ಟಿಗೆ ಈಗಿನ ಜಿಲ್ಲೆಯನ್ನೇ ಬರೆದಿದ್ದೆ, ಯಾರೂ ಪ್ರಶ್ನೆ ಮಾಡಲಿಲ್ಲ.

ಕಾನೂನೂ ಹಾಗೆಯೇ, ಒಂದೇ ಮನೆಯೊಳಗೆ ಒಬ್ಬೊಬ್ಬರಿಗೆ ಒಂದೊಂದು. 1955ರ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ತಂದೆತಾಯಿಯ ಕಾಗದ ಬೇಕಿಲ್ಲ. ಉಮ್ಮನೂ ನಾನೂ ಇದರೊಳಗೆ ಬರುತ್ತೇವೆ. ಆಮೇಲಿಂದ 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. 1990ರಲ್ಲಿ ಹುಟ್ಟಿದ ತಂಗಿಯದು ಈ ಲೆಕ್ಕ. ಅದರ ನಂತರ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಅಥವಾ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಅಕ್ಕನ ಮಗ ಅಲ್ಲಿಗೆ ಬರುತ್ತಾನೆ.

ಹುಟ್ಟಿದ ತಾರೀಕಿನ ದಾಖಲೆಯದು ಇನ್ನೊಂದು ಕಥೆ. 1989ರ ಜನವರಿ 26ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜನನ ಪತ್ರವೇ ಬೇಕು ಅನ್ನುವ ನಿಯಮ ಹಿಂದೆ ಇತ್ತು. ತಂಗಿ ಪಾಸ್‌ಪೋರ್ಟ್ ಮಾಡಿಸುವಾಗ ಇದರಿಂದಲೇ ತಿಂಗಳುಗಟ್ಟಲೆ ಓಡಾಡಿದಳು. ಅವಳ ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು, "ಪೆಣ್" ಅಂತ ಮಾತ್ರ. 2016ರ ಡಿಸೆಂಬರಿನಲ್ಲಿ ಆ ನಿಯಮ ಸಡಿಲವಾಗಿ ಆಧಾರ್, ಪ್ಯಾನ್, ಶಾಲೆಯ ಟಿ.ಸಿ., ಡ್ರೈವಿಂಗ್ ಲೈಸೆನ್ಸ್, ವೋಟರ್ ಕಾರ್ಡು, ಎಲ್‌ಐಸಿ ಬಾಂಡು ಇವೆಲ್ಲ ನಡೆಯುವಂತಾಯಿತು. ಈಗ ಮತ್ತೆ ಒಂದು ಸುತ್ತು: 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಜನನ ಪತ್ರವೊಂದೇ ದಾಖಲೆ. ಮನೆಯಲ್ಲಿ ಪುಟ್ಟ ಮಗು ಇರುವವರು ಆಸ್ಪತ್ರೆಯಿಂದ ಬಂದ ತಿಂಗಳಲ್ಲೇ ಹೆಸರು ಸೇರಿಸಿಕೊಂಡುಬಿಡಿ. "ಅಖೀಕಾ ಆಗಲಿ, ಆಮೇಲೆ ನೋಡುವ" ಅಂತ ಕೂತರೆ ನಮ್ಮ ತಂಗಿಯ ಪಾಡೇ.

ಉಮ್ಮನಿಗೆ ನಿಯಮ ಅಡ್ಡ ಬರಲಿಲ್ಲ, ಹೆಸರು ಅಡ್ಡ ಬಂತು. ಬೀಫಾತಿಮಾ. ನಮ್ಮಲ್ಲಿ ಎರಡು ಮನೆಗೊಬ್ಬರಿಗೆ ಇರುವ ಹೆಸರು. ಊರಿನಲ್ಲಿ ಕರೆಯುವುದು ಬೀಪಾತುಮ್ಮ. ಅವರ ಬೀಡಿ ಕಾರ್ಡಿನಲ್ಲಿ ಕನ್ನಡದಲ್ಲಿ ಹಾಗೆಯೇ ಬರೆದಿದೆ. 1980ರಲ್ಲಿ ಮದುವೆಯಾಗಿ ಹೊಸೂರಿಗೆ ಬಂದರು. ಸಿಪ್‌ಕಾಟ್‌ನಲ್ಲಿ ಕಾರ್ಖಾನೆಗಳು ಒಂದೊಂದೇ ಏಳುತ್ತಿದ್ದ ಕಾಲ, ಉಪ್ಪ ಅಲ್ಲಿ ಟೀ ಅಂಗಡಿ ಇಟ್ಟಿದ್ದರು. ರೇಷನ್ ಕಾರ್ಡಿಗೆ ಹೆಸರು ಸೇರಿಸುವಾಗ ಅದು ತಮಿಳಿಗೆ ಹೋಯಿತು. ತಮಿಳಿನಲ್ಲಿ ಪ, ಫ, ಬ, ಭ ಎಲ್ಲಕ್ಕೂ ಒಂದೇ ಅಕ್ಷರ. ಓದುವವರು ಗೊತ್ತಿದ್ದರೆ ಬ ಅಂತ ಓದುತ್ತಾರೆ, ಇಲ್ಲದಿದ್ದರೆ ಪ. ಆಮೇಲೆ ಆಧಾರ್ ಬಂದಾಗ ಆ ತಮಿಳು ಹೆಸರನ್ನು ಯಾರೋ ಇಂಗ್ಲಿಷಿಗೆ ಇಳಿಸಿದರು. ಕಾರ್ಡು ಕೈಗೆ ಬಂದಾಗ ಉಮ್ಮ "ಪೀಪಾತಿಮಾ" ಆಗಿದ್ದರು. ಮಕ್ಕಳೆಲ್ಲ ಪೀಪಿ ಊದಿ ನಕ್ಕಿದ್ದೇ ನಕ್ಕಿದ್ದು. ಅದರಲ್ಲಿ ಹುಟ್ಟಿದ ತಾರೀಕೂ ಇರಲಿಲ್ಲ, 1958 ಅಂತ ಬರೀ ವರ್ಷ.

ಊರಿನ ಕಡೆ ಹಳೆಯ ಜನನ ರಿಜಿಸ್ಟರು ಹುಡುಕಿಸಿದೆವು. ಮಾವನ ಮಗ ಎರಡು ಸಲ ರಜೆ ಹಾಕಿ ಹೋದ. ಸಿಕ್ಕಿದ್ದು "ದಾಖಲೆ ಲಭ್ಯವಿಲ್ಲ" ಅನ್ನುವ ಪತ್ರ. ಅದನ್ನಿಟ್ಟುಕೊಂಡು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ತಡವಾಗಿ ನೋಂದಣಿ ಮಾಡಿಸಬಹುದು, ಕಾನೂನಿನಲ್ಲಿ ದಾರಿ ಇದೆ. ಅದಕ್ಕೆ ವಕೀಲರು, ಸಾಕ್ಷಿ, ಅಫಿಡವಿಟ್ಟು ಅಂತ ಉಮ್ಮನನ್ನು ಆ ಮಂಡಿಯಲ್ಲಿ ಬಂಟ್ವಾಳಕ್ಕೂ ಹೊಸೂರಿಗೂ ಓಡಾಡಿಸಬೇಕಿತ್ತು.

ದಾರಿ ತೋರಿಸಿದ್ದು ಪ್ಯಾನ್ ಕಾರ್ಡು. ಉಪ್ಪ ಹೋದ ಮೇಲೆ ಬ್ಯಾಂಕಿನ ಕೆಲಸಕ್ಕೆ ನಾನೇ ಅದನ್ನು ಮಾಡಿಸಿದ್ದೆ, ನೇರ ಇಂಗ್ಲಿಷಿನಲ್ಲಿ ತುಂಬಿಸಿ. ನಡುವೆ ತಮಿಳಾಗಲಿ ಕನ್ನಡವಾಗಲಿ ಬರಲಿಲ್ಲ, ಹೆಸರು ಸರಿಯಾಗಿ ಉಳಿಯಿತು. ಆ ಫಾರ್ಮಿನಲ್ಲಿ ಸರ್‌ನೇಮ್ ಖಾಲಿ ಬಿಡಲಿಕ್ಕೆ ಆಗುವುದಿಲ್ಲ, ಹಾಗಾಗಿ "ಬೀ" ಒಂದು ಕಡೆ, "ಫಾತಿಮಾ" ಇನ್ನೊಂದು ಕಡೆ. ತಾರೀಕು 1958ರ ಜನವರಿ 1. ನಮ್ಮ ಹಿರಿಯರಲ್ಲಿ ಅರ್ಧ ಜನ ಜನವರಿ 1ಕ್ಕೆ ಹುಟ್ಟಿದವರು, ಶಾಲೆ ಕಂಡ ಇನ್ನರ್ಧ ಜನ ಜೂನ್ 1ಕ್ಕೆ. ಮೇಷ್ಟ್ರು ಬರೆದದ್ದೇ ಜನ್ಮದಿನ.

ಪ್ಯಾನನ್ನು ಆಧಾರವಾಗಿಟ್ಟು ಆಧಾರ್‌ನ ಹೆಸರು ತಿದ್ದಿಸಿದೆವು. ಶುಲ್ಕ ಆಗ 50 ರೂಪಾಯಿ. ಹೆಸರು ತಿದ್ದಲು ಆಯುಸ್ಸಿಗೆ ಎರಡೇ ಅವಕಾಶ, ಆದ್ದರಿಂದ ಅಕ್ಷರ ಅಕ್ಷರ ಓದಿ ನೋಡಿದೆ. ಅಪ್‌ಡೇಟ್ ಆಗಿ ಬಂದ ಮೇಲೆ ಉಮ್ಮನಿಗೆ ಓದಿ ಹೇಳಿದೆ: ಹೆಸರು ಬೀ, ಮನೆತನದ ಹೆಸರು ಫಾತಿಮಾ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀ ಅಂತ ನನ್ನನ್ನು ಯಾರು ಕರೆದಿದ್ದಾರೆ?" ಅಂದರು. ನಿಜವೇ. ಆದರೆ ಸರ್‌ನೇಮ್ ಖಾಲಿ ಬಿಟ್ಟರೂ ಕಷ್ಟ. 2022ರ ನವೆಂಬರಿನಲ್ಲಿ ಯುಎಇಯವರು ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಅಂದಾಗ ನಮ್ಮವರಲ್ಲಿ ಎಷ್ಟು ಗಾಬರಿಯಾಗಿತ್ತು ನೆನಪಿರಬಹುದು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಅಂತ ಆಮೇಲೆ ಸಮಜಾಯಿಷಿ ಬಂತು. ಅದನ್ನು ವಿಮಾನ ನಿಲ್ದಾಣದಲ್ಲಿ ನಿಂತು ವಿವರಿಸುವುದಕ್ಕಿಂತ ಮೊದಲೇ ಎರಡು ಭಾಗ ಮಾಡುವುದು ವಾಸಿ. ಇನಿಷಿಯಲ್ ಇರುವವರು ಅದನ್ನು ಬಿಡಿಸಿ ಬರೆಯಬೇಕು. ತಮಿಳುನಾಡಿನಲ್ಲಿ ಓದಿದ ನಮ್ಮ ಮಕ್ಕಳ ಇನಿಷಿಯಲ್ ಅಂದರೆ ಉಪ್ಪನ ಹೆಸರಿನ ಮೊದಲಕ್ಷರ. ಊರಿನಲ್ಲಿ ಓದಿದವರದ್ದು ಹಲವು ಸಲ ಮನೆಯ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರು ಕಾಗದದಲ್ಲಿ ಬೇರೆ ಬೇರೆ ಮನೆಯವರಾಗುವುದು ಹೀಗೆ.

(ಜಾತಿ ಪ್ರಮಾಣಪತ್ರದ ಮಾತು ಪಾಸ್‌ಪೋರ್ಟಿಗೆ ಬರುವುದಿಲ್ಲ, ಸದ್ಯ. ತಮಿಳುನಾಡಿನ ಹಿಂದುಳಿದ ಮುಸ್ಲಿಮರ ಪಟ್ಟಿಯಲ್ಲಿ ಏಳು ಹೆಸರುಗಳಿವೆ, ಲಬ್ಬೆ ಇದೆ, ಮಾಪಿಳ್ಳ ಇದೆ, ಬ್ಯಾರಿ ಇಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.)

2018ರಿಂದ ದೇಶದಲ್ಲಿ ಎಲ್ಲಿ ಬೇಕಾದರೂ ಅರ್ಜಿ ಕೊಡಬಹುದು, ಪೊಲೀಸ್ ಪರಿಶೀಲನೆ ಮಾತ್ರ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ನಡೆಯುತ್ತದೆ. ನಮಗೆ ಬೆಂಗಳೂರು ಹತ್ತಿರ. ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಶುಲ್ಕ 1500 ರೂಪಾಯಿ, 60 ದಾಟಿದವರಿಗೆ ಶೇ. 10 ರಿಯಾಯಿತಿ, ಉಮ್ಮನಿಗೆ 1350 ಆಯಿತು. ಜೂಜುವಾಡಿ ದಾಟಿ ಅತ್ತಿಬೆಲೆಗೆ ಬಂದಾಗ ಉಮ್ಮ ಬೋರ್ಡುಗಳನ್ನು ನೋಡಿ "ಕನ್ನಡ ಬಂತು" ಅಂದರು. ಓದಲು ಬರುವುದಿಲ್ಲ, ಅಕ್ಷರದ ಆಕಾರ ಗೊತ್ತು.

ಅಲ್ಲಿ ಎ, ಬಿ, ಸಿ ಅಂತ ಮೂರು ಕೌಂಟರು. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ಕಾಗದಗಳ ಸ್ಕ್ಯಾನು. ಬಿ ಮತ್ತು ಸಿಯಲ್ಲಿ ಸರಕಾರಿ ಅಧಿಕಾರಿಗಳು ನೋಡುತ್ತಾರೆ. ಉಮ್ಮನ ಬೆರಳಚ್ಚು ಬೀಳಲಿಲ್ಲ. ಬೀಡಿ ಎಲೆ, ಸೂಪು, ಆಮೇಲೆ ನಲವತ್ತು ವರ್ಷ ಟೀ ಅಂಗಡಿಯ ಲೋಟ. ಹೆಬ್ಬೆರಳು ಕನ್ನಡಿ ಹಾಗಿದೆ. ರೇಷನ್ ಅಂಗಡಿಯಲ್ಲೂ ಇದೇ ಗೋಳು. ಕೌಂಟರಿನ ಹುಡುಗಿ ತಾಳ್ಮೆಯವಳು, ಒದ್ದೆ ಟಿಶ್ಯೂ ಕೊಟ್ಟು "ಅಮ್ಮಾ, ಒರೆಸಿ ಮತ್ತೆ ಇಡಿ" ಅಂತ ನಾಲ್ಕು ಸಲ ಹೇಳಿದಳು. ಐದನೇ ಸಲಕ್ಕೆ ಆಯಿತು. ಎಸೆಸೆಲ್ಸಿ ಇಲ್ಲದವರಿಗೆ ಇಸಿಆರ್ ಪಾಸ್‌ಪೋರ್ಟು ಸಿಗುತ್ತದಲ್ಲ ಅಂತ ನಾನು ಯೋಚನೆ ಮಾಡಿದ್ದೆ. 50 ದಾಟಿದವರಿಗೆ ಅದು ಅನ್ವಯಿಸುವುದಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬೇಕರಿಗೆ ಸೇರಿ, ಈಗ ಗಲ್ಫಿಗೆ ಹೊರಡುವ ನಮ್ಮ ಹುಡುಗರಿಗೆ ಅನ್ವಯಿಸುತ್ತದೆ. ಸೌದಿ, ಯುಎಇ, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅವರು ಎಮಿಗ್ರೇಷನ್ ಕ್ಲಿಯರೆನ್ಸ್ ತೆಗೆದುಕೊಳ್ಳಬೇಕು. ಏಜೆಂಟರು ಇದನ್ನು ಸರಿಯಾಗಿ ಹೇಳುವುದಿಲ್ಲ.

ನನಗೆ ಹೆದರಿಕೆ ಇದ್ದದ್ದು ಪೊಲೀಸ್ ಪರಿಶೀಲನೆಯದು. ಠಾಣೆಯಿಂದ ಬಂದವರು ವಯಸ್ಸಾದವರು, ಮರ್ಯಾದೆಯಿಂದಲೇ ಕೂತರು. "ಸೊಂದ ಊರ್ ಎದು?" ಅಂತ ಉಮ್ಮನನ್ನು ಕೇಳಿದರು. ಹೊರಗೆ ಯಾರು ಕೇಳಿದರೂ ನಮ್ಮವರೆಲ್ಲ ಹೇಳುವ ಹಾಗೆ ಉಮ್ಮ "ಮಂಗಳೂರು" ಅಂದುಬಿಟ್ಟರು. ಅರ್ಜಿಯಲ್ಲಿ ಇದ್ದದ್ದು ಬಂಟ್ವಾಳ ತಾಲೂಕಿನ ಹಳ್ಳಿ. ಅವರು ಕಾಗದ ನೋಡಿದರು, ಉಮ್ಮನನ್ನು ನೋಡಿದರು. ಮನೆಯಲ್ಲಿ ಆಡುವ ಭಾಷೆ ಮಲಯಾಳವಾ, ಕೇರಳದವರಾ ಅಂತ ಕೇಳಿದರು. ಬ್ಯಾರಿ ಅಂದರೆ ಏನು ಅಂತ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಉಮ್ಮ ತಮ್ಮ ತಮಿಳಿನಲ್ಲಿ, "ನಾಪ್ಪತ್ತಂಜು ವರುಷಮಾ ಇಂಗೇದಾನ್" ಅಂದು ಒಳಗೆ ಹೋದರು. ಬರುವಾಗ ಉಪ್ಪನ ರೆಕ್ಸಿನ್ ಚೀಲ ಕೈಯಲ್ಲಿತ್ತು.

ಆ ಚೀಲದಲ್ಲಿ ಧರ್ಮಪುರಿ ಮಾವಟ್ಟಂ ಅಂತ ಅಚ್ಚಾದ ಹಳೆಯ ರೇಷನ್ ಕಾರ್ಡು, ಅಂಗಡಿಯ ಕರೆಂಟ್ ಬಿಲ್ಲುಗಳು, ಮನೆ ತೆರಿಗೆ ರಶೀದಿಗಳು, ನನ್ನ ಕನ್ನಡ ಶಾಲೆಯ ಟಿ.ಸಿ. ಎಲ್ಲ ಇದ್ದವು. ಉಪ್ಪ ಒಂದು ಚೀಟಿಯನ್ನೂ ಬಿಸಾಡಿದವರಲ್ಲ. ಊರು ಬಿಟ್ಟು ಬಂದವರಿಗೆ ಕಾಗದದ ಮೇಲೆ ಒಂದು ಹೆಚ್ಚಿನ ಭಯ ಇರುತ್ತದೆ ಅಂತ ಈಗ ಅನ್ನಿಸುತ್ತದೆ. ಪೊಲೀಸಿನವರು ಒಂದೆರಡನ್ನು ತಿರುವಿ ನೋಡಿ, ಪಕ್ಕದ ಮನೆಯವರ ಹತ್ತಿರ ಎರಡು ಮಾತಾಡಿ, ಚಹಾ ಕುಡಿದು ಹೋದರು. ಪಾಸ್‌ಪೋರ್ಟು ಸ್ಪೀಡ್ ಪೋಸ್ಟಿನಲ್ಲಿ ಬಂತು. ಅಂಚೆಯವರು ಉಮ್ಮನ ಕೈಗೇ ಕೊಟ್ಟರು.

ಇಷ್ಟೆಲ್ಲ ಆಗಿ ಉಸಿರು ಬಿಡುವಾಗ 2025ರ ನವೆಂಬರ್ ಬಂತು, ತಮಿಳುನಾಡಿನಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾಯಿತು. ಇಪ್ಪತ್ತು ವರ್ಷಕ್ಕೂ ಹಿಂದಿನ ಪಟ್ಟಿಯಲ್ಲಿ ನಮ್ಮ ಅಥವಾ ಹೆತ್ತವರ ಹೆಸರು ಹುಡುಕಿ ಫಾರ್ಮಿನಲ್ಲಿ ಬರೆಯಬೇಕಿತ್ತು. ಬೀದಿಯಲ್ಲಿ ಎಲ್ಲರಿಗೂ ದಿಗಿಲು, ಬಿಹಾರದಿಂದ ಸಿಪ್‌ಕಾಟ್ ಕೆಲಸಕ್ಕೆ ಬಂದವರಿಗೂ, ನಮಗೂ. ನಾನು ಪಾಸ್‌ಪೋರ್ಟು ಹಿಡಿದೇ ಕೂತಿದ್ದೆ, ಕೇಳಬಹುದಾದ ದಾಖಲೆಗಳಲ್ಲಿ ಅದೂ ಒಂದು. ಬೇಕಾಗಲಿಲ್ಲ. ಹಳೆಯ ಪಟ್ಟಿಯಲ್ಲಿ ಉಪ್ಪನ ಹೆಸರಿನ ಕೆಳಗೆ ಉಮ್ಮ ಸಿಕ್ಕಿದರು, ತಮಿಳಿನಲ್ಲಿ, ಆ ಒಂದೇ ಅಕ್ಷರದಲ್ಲಿ. ಪೀಪಾತಿಮಾ ಅಂತಲೂ ಓದಬಹುದು, ಬೀಫಾತಿಮಾ ಅಂತಲೂ ಓದಬಹುದು. ವಯಸ್ಸು ಮಾತ್ರ ಮೂರು ವರ್ಷ ಕಮ್ಮಿ ಬರೆದಿದ್ದರು.

ಉಮ್ಮನಿಗೆ ಅದನ್ನು ಹೇಳಿದೆ. "ಅದನ್ನು ತಿದ್ದಿಸಬೇಡ" ಅಂದರು. ಟಿಕೆಟು ರಜಬ್ ತಿಂಗಳಿಗೆ ಆಗಿದೆ.