ವಿಜಯಪುರದ ಬಿಸಿಲು, ತೀರ್ಥಹಳ್ಳಿಯ ಮಲ್ಲಿಗೆ

ನಮ್ಮ ಪ್ರಾಚೀನರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ್ದರು. ಅವುಗಳಲ್ಲಿ ಋತುವರ್ಣನೆಯೂ ಉಂಟು, ಉದ್ಯಾನಕ್ರೀಡೆಯೂ ಉಂಟು. ಇವುಗಳ ಲಕ್ಷಣವನ್ನು ವರ್ಷವರ್ಷವೂ ತರಗತಿಯಲ್ಲಿ ಒಪ್ಪಿಸುತ್ತ ಬಂದ ನನಗೆ, ಗ್ರೀಷ್ಮವೂ ಉದ್ಯಾನವೂ ಒಂದೆಡೆ ಕೂಡಿದರೆ ಏನಾಗುವುದೆಂದು ತಿಳಿದದ್ದು ವಿಜಯಪುರಕ್ಕೆ ವರ್ಗವಾಗಿ ಬಂದ ಮೇಲೆ.

ನಾನು ಮಲೆನಾಡಿನವನು. ತೀರ್ಥಹಳ್ಳಿಯ ಸೀಮೆಯಲ್ಲಿ ಗಿಡವನ್ನು ಬೆಳೆಸುವುದಕ್ಕಿಂತ ಬೆಳೆದ ಗಿಡವನ್ನು ಕಡಿಯುವುದೇ ದೊಡ್ಡ ಕೆಲಸ. ತಂದೆಯವರು ತೀರಿಕೊಂಡು, ಹಳೆಯ ಮನೆಯನ್ನು ಮಾರಿದಾಗ, ತಾಯಿ ನನ್ನೊಡನೆ ಹೊರಟರು. ಜೊತೆಯಲ್ಲಿ ತಂದದ್ದು ಎರಡು ಟ್ರಂಕು, ಒಂದು ಮಣ್ಣಿನ ಕುಂಡ. ಕುಂಡದಲ್ಲಿ ತಂದೆಯವರು ನೆಟ್ಟಿದ್ದ ದುಂಡುಮಲ್ಲಿಗೆಯ ಒಂದು ಕಡ್ಡಿ ಚಿಗುರಿತ್ತು. ಮಳೆಗಾಲದಲ್ಲಿ ಅದನ್ನು ಹಿತ್ತಲಲ್ಲಿ ನೆಟ್ಟೆವು. ಸುತ್ತಲೂ ಬೆಂಡೆ, ಬದನೆ, ಹೀರೆ, ಬಸಳೆ, ಟೊಮೇಟೊ. ಅಂಚಿನಲ್ಲಿ ಚೆಂಡುಹೂ, ಕನಕಾಂಬರ. ಚಳಿಗಾಲದವರೆಗೆ ಎಲ್ಲವೂ ನಗುನಗುತ್ತಿದ್ದವು.

ಮಾರ್ಚಿ ತಿಂಗಳು ಕಳೆಯಿತು; ನಗೆಯೂ ಮಾಯವಾಯಿತು. ಇಲ್ಲಿಯದು ಎರೆಮಣ್ಣು. ನೀರುಂಡಾಗ ಉಬ್ಬಿ ಅಂಟಾಗುವ ಈ ಮಣ್ಣು, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಡೋಣಿ ನದಿಯ ಬಯಲಿನಲ್ಲಿ ಬೆಳೆ ಬಂದರೆ ಓಣಿಗಳೆಲ್ಲ ಜೋಳದಿಂದ ತುಂಬುವವೆಂದು ಇಲ್ಲಿಯ ಹಿರಿಯರು ಹೇಳುವುದು ಈ ಮಣ್ಣಿನ ಸತ್ತ್ವವನ್ನು ಕಂಡೇ. ಆದರೆ ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿಯನ್ನು ದಾಟಿದಾಗ, ನಮ್ಮ ಹಿತ್ತಲಿನ ಬಿರುಕುಗಳಲ್ಲಿ ನನ್ನ ಅಂಗೈ ಇಳಿಯುತ್ತಿತ್ತು. ಟೊಮೇಟೊ ಹೂಬಿಟ್ಟರೂ ಕಾಯಿ ಕಚ್ಚಲಿಲ್ಲ. ಇರುಳೂ ಆರದ ಸೆಕೆಗೆ ಹೂಗಳೆಲ್ಲ ಉದುರಿದವು. ಮಲ್ಲಿಗೆಯ ಎಳೆಯ ಎಲೆಗಳು ಹಳದಿಗೆ ತಿರುಗಿ ನರಗಳು ಮಾತ್ರ ಹಸಿರಾಗಿ ಉಳಿದವು. ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣದ ಸತ್ತ್ವ ಗಿಡಕ್ಕೆ ದಕ್ಕದೆ ಹೀಗಾಗುವುದೆಂಬುದನ್ನು ಆಮೇಲೆ ಅರಿತೆ. ಆಗ ನನಗೆ ತೋಚಿದ್ದು ಒಂದೇ: ಕಾಲೇಜಿನಿಂದ ಬಂದವನೇ ನಡುಹಗಲಲ್ಲಿ ಬಿಂದಿಗೆಗಟ್ಟಲೆ ನೀರು ಸುರಿಯುವುದು.

ಪಕ್ಕದ ಮನೆಯ ಆಯಿ ಕೆಲವು ದಿನ ಗೋಡೆಯಾಚೆ ನಿಂತು ನೋಡಿದರು. ಕೊನೆಗೆ ತಾಳಲಾರದೆ ಕೇಳಿದರು: “ಮಾಸ್ತರ, ನೀವು ಗಿಡಕ್ಕ ನೀರ ಹಾಕಾಕತ್ತೀರೊ, ಬಿರಕಿಗೆ ಹಾಕಾಕತ್ತೀರೊ?”

ಎಂ.ಎ. ಪದವಿ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆಯಿಯೇ ಒಳಗೆ ಬಂದು, ಕುರ್ಚಿಗಿಯನ್ನು ಕೈಗೆ ಕೊಟ್ಟು ಮೊದಲು ಮೇಲ್ಮಣ್ಣನ್ನು ಸಡಿಲಿಸಿ ಬಿರುಕುಗಳನ್ನು ಮುಚ್ಚಿಸಿದರು. ಹೊಲದಲ್ಲಿ ಎಡೆ ಹೊಡೆಯುವುದರ ಗುಟ್ಟು ಇದೇ ಅಂತೆ: ಮೇಲೆ ಪುಡಿಮಣ್ಣಿನ ಹೊದಿಕೆ ಇದ್ದರೆ ಒಳಗಿನ ತೇವ ಬೇಗ ಆರದು. ಅದರ ಮೇಲೆ ಒಣ ಕಣಿಕೆಯನ್ನು ಹಾಸಿದರು. ಪ್ರತಿ ಗಿಡದ ಬದಿಗೆ ಹಳೆಯ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಗಡಿಗೆಯ ಮೈಯಿಂದ ನೀರು ಮೆಲ್ಲನೆ ಒಸರುತ್ತದೆ. ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಮಲ್ಲಿಗೆಯ ಬುಡಕ್ಕೆ ಹಳೆಯ ತಿಪ್ಪೆಗೊಬ್ಬರ, ಪಡುವಣ ಬಿಸಿಲಿಗೆ ಅಡ್ಡವಾಗಿ ಗೋಣಿಯ ತಟ್ಟಿ. “ನೀರು ಬೆಳಗು ಹರಿಯೂದರಾಗ,” ಎಂದು ಅಪ್ಪಣೆಯಾಯಿತು.

ನೀರನ್ನು ಬಿಸಿಲಿಗೆ ತೋರದೆ ನೆಲದೊಳಗೆ ನಡೆಸುವುದು ಈ ಊರಿಗೆ ಹಳೆಯ ವಿದ್ಯೆ. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನ ನೀರು, ಗಾರೆಯ ಕಟ್ಟಡದೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೆಲದಾಳದಲ್ಲಿ ಹರಿದು ಪಟ್ಟಣವನ್ನು ಸೇರುತ್ತಿತ್ತು. ನೀರಿನ ಒತ್ತಡವನ್ನು ತಗ್ಗಿಸಲು ದಾರಿಯಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ಅದಕ್ಕೂ ಮೊದಲು, 1620ರಲ್ಲಿ, ತಾಜ್ ಬಾವಡಿ ಸಿದ್ಧವಾಗಿತ್ತು. ಗೋಲಗುಮ್ಮಟವನ್ನು ಕಂಡು ಬೆರಗಾಗುವ ಪ್ರವಾಸಿಗಳು ಈ ಜಲಕಾರ್ಯಗಳ ಕಡೆಗೂ ಒಂದು ಗಳಿಗೆ ಹೆಜ್ಜೆ ಹಾಕಬೇಕು. ಬೇಸಗೆಯಲ್ಲಿ ಇಲ್ಲಿ ಒಂದು ಹಿತ್ತಲನ್ನು ಸಾಕಿದವನಿಗಂತೂ ಗುಮ್ಮಟಕ್ಕಿಂತ ಬಾವಿಯೇ ದೊಡ್ಡದಾಗಿ ಕಾಣುತ್ತದೆ.

ಆಯಿಯ ವಿದ್ಯೆಯೂ ನೀರಿದ್ದರಷ್ಟೆ ನಡೆಯುವುದು. ಮೇ ಮೊದಲ ವಾರ ಮನೆಯ ಕೊಳವೆಬಾವಿ ಬತ್ತಿತು. ನಲ್ಲಿಯ ನೀರು ಬಂದ ದಿನ ತುಂಬಿಟ್ಟುಕೊಂಡದ್ದರಲ್ಲಿ ಮನೆಯ ಖರ್ಚು ಕಳೆದು ಹಿತ್ತಲಿಗೆ ದಿನಕ್ಕೆ ನಾಲ್ಕೇ ಬಿಂದಿಗೆ. ಟೊಮೇಟೊವನ್ನೂ ಚೆಂಡುಹೂವನ್ನೂ ಕಿತ್ತೆ. ಬೆಂಡೆ, ಬಸಳೆ ಉಳಿದವು. ಮಲ್ಲಿಗೆಯ ಮುಂದೆ ನಿಂತಾಗ ನನ್ನ ಮನಸ್ಸು ಹೊಯ್ದಾಡಿತು. ಅದು ಕಾಯಿ ಕೊಡುವುದಲ್ಲ. ಬದುಕುವ ಭರವಸೆಯೂ ಇರಲಿಲ್ಲ. ಅದಕ್ಕೆ ಅರ್ಧ ಬಿಂದಿಗೆ ಎಂದು ಗೊತ್ತುಮಾಡಿದೆ. ತಾಯಿ ಏನೂ ಹೇಳಲಿಲ್ಲ. ಶಿವಮೊಗ್ಗೆಯಲ್ಲಿರುವ ತಮ್ಮನ ಮನೆಗೆ ಹೋಗಿಬಿಡುವೆನೆಂಬ ಮಾತನ್ನು ಮಾತ್ರ ಆ ದಿನಗಳಲ್ಲಿ ಹೆಚ್ಚಾಗಿ ಎತ್ತುತ್ತಿದ್ದರು.

ಆದರೆ ಮಲ್ಲಿಗೆಯ ಬುಡ ನಾನು ಹಾಕಿದ್ದಕ್ಕಿಂತ ಹೆಚ್ಚು ತೇವವಾಗಿರುತ್ತಿತ್ತು. ಒಂದು ದಿನ ನಸುಕಿನಲ್ಲಿ ಎದ್ದು ನೋಡಿದೆ. ತಾಯಿ ಬಚ್ಚಲಿನಿಂದ ಹಿತ್ತಾಳೆಯ ಚೊಂಬಿನಲ್ಲಿ ನೀರು ತಂದು ಗಡಿಗೆಗೆ ತುಂಬುತ್ತಿದ್ದರು. ತಮ್ಮ ಸ್ನಾನಕ್ಕೆಂದು ಇಟ್ಟ ಒಂದು ಬಿಂದಿಗೆಯಲ್ಲಿ ಅರ್ಧವನ್ನು ದಿನವೂ ಅದಕ್ಕೆ ಕೊಡುತ್ತಿದ್ದರು. ಆ ಸೆಕೆಯಲ್ಲಿ, ಆ ವಯಸ್ಸಿನಲ್ಲಿ! ನನ್ನನ್ನು ಕಂಡು, “ನನಗೆ ಬೇಕಾದಷ್ಟು ಸುರ್ಕೊಂಡಿದೀನಿ ಕಣೋ. ಅದಕ್ಕೆ ಈ ಊರಲ್ಲಿ ಬೇರೆ ಯಾರಿದ್ದಾರೆ?” ಎಂದರು.

ಆ ಮಾತು ಗಿಡವನ್ನು ಕುರಿತದ್ದು ಮಾತ್ರವಲ್ಲವೆಂದು ಅರಿಯಲು ಅಲಂಕಾರಶಾಸ್ತ್ರ ಬೇಕಿರಲಿಲ್ಲ. ಅಂದೇ ನಾನೂ ನನ್ನಾಕೆಯೂ ಬಚ್ಚಲಿನ ನೀರಿಗೆ ಕಾಲುವೆ ತೋಡಿ ಅದನ್ನು ಬಸಳೆ, ಬೆಂಡೆಗಳಿಗೆ ತಿರುಗಿಸಿದೆವು. ಉಳಿದ ತಿಳಿನೀರಿನಲ್ಲಿ ಒಂದು ಬಿಂದಿಗೆ ಮಲ್ಲಿಗೆಗೆ. ತಾಯಿಯ ಬಿಂದಿಗೆ ತಾಯಿಗೇ. ಆಯಿಗೆ ಸಂಗತಿ ತಿಳಿದು, ಅಂದಿನಿಂದ ದಿನವೂ ಸಂಜೆ ಬಂದು ತಾಯಿಯ ಜೊತೆ ಕಟ್ಟೆಯ ಮೇಲೆ ಕುಳಿತುಕೊಳ್ಳತೊಡಗಿದರು. ಇಬ್ಬರ ಕನ್ನಡ ಒಬ್ಬರಿಗೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದರು.

ಮೇ ಕೊನೆಯಲ್ಲಿ ರೋಹಿಣಿ ಮಳೆ ಒಂದು ಸಂಜೆ ಗುಡುಗಿನೊಡನೆ ಸುರಿಯಿತು. ವಾರ ಕಳೆಯುವಷ್ಟರಲ್ಲಿ ಮಲ್ಲಿಗೆ ಹಸಿರೆಲೆ ತೆಗೆದು, ಹದಿನಾಲ್ಕು ಮೊಗ್ಗು ಬಿಟ್ಟಿತು. ಹೂ ಮುಡಿಯುವುದನ್ನು ಬಿಟ್ಟ ತಾಯಿ ಅವನ್ನು ಬಾಳೆನಾರಿನಲ್ಲಿ ಕಟ್ಟಿ ಮೂರು ತುಂಡು ಮಾಡಿದರು: ತಂದೆಯವರ ಪಟಕ್ಕೊಂದು, ನನ್ನಾಕೆಗೊಂದು, ಆಯಿಯ ಸೊಸೆಗೊಂದು.

ಆ ರಾತ್ರಿ ಊಟಕ್ಕೆ ಕುಳಿತಾಗ ಹೇಳಿದರು: “ಮಾರ್ಗಶಿರದಲ್ಲಿ ಗಿಡ ಸವರಬೇಕು, ಆಗಲೇ ಬೇಸಗೆಗೆ ಹೂ ಚೆನ್ನಾಗಿ ಬರೋದು. ನಿನಗೆ ನೆನಪಿರೋದಿಲ್ಲ. ಹೋಗಲಿ ಬಿಡು, ನಾನೇ ಸವರ್ತೀನಿ.”

ಶಿವಮೊಗ್ಗೆಯ ಮಾತು ಅಂದು ಬರಲಿಲ್ಲ. ನಾನೂ ನೆನಪಿಸಲಿಲ್ಲ.